ಎಣ್ಣೆಮಾಪಕದ ಮುಳ್ಳು ಸುಳ್ಳಾಡುವುದೇ?

ವಿರಾಜಪೇಟೆಯ ಸಮೀಪದ ಬಿಟ್ಟಂಗಾಲದಂತಹ ಊರುಗಳಲ್ಲಿ ಜೀಪು ಭೋಗದ ವಸ್ತುವಲ್ಲ. ಕಾಫಿತೋಟದ ಕಡಿದಾದ ಕೆಸರುದಾರಿಯಲ್ಲಿ ಗೊಬ್ಬರವನ್ನೂ ಕಾಫಿಯ ಮೂಟೆಗಳನ್ನೂ ಸಾಗಿಸುವುದಕ್ಕೆ ಅದೇ ಆಧಾರ. ಹಳೆಯ ಗಾಡಿಯಲ್ಲಿ ಎಣ್ಣೆಯ ಒತ್ತಡವನ್ನು ತೋರಿಸುವ ಮಾಪಕವು ಕೆಟ್ಟರೆ ಪೇಟೆಯಿಂದ ಬೇರೊಂದನ್ನು ತಂದು ಕೂರಿಸುವುದು ವಾಡಿಕೆ. ಹಾಗೆ ಕೂರಿಸಿದ ಮಾಪಕದ ಮುಳ್ಳು ಕೆಲವೊಮ್ಮೆ ವಿಚಿತ್ರವಾಗಿ ವರ್ತಿಸುವುದುಂಟು. ಆಗ ಅಗ್ಗದ ಗೇಜಿನ ಹಣೆಬರಹವೇ ಇಷ್ಟೆಂದು ಅದನ್ನು ಕಡೆಗಣಿಸುವವರು ಕೆಲವರು. ಗಾಬರಿಗೊಂಡು ಎಂಜಿನನ್ನೇ ಬಿಚ್ಚಿಸುವವರು ಇನ್ನು ಕೆಲವರು. ಇಬ್ಬರೂ ದುಡುಕುತ್ತಾರೆಂಬುದು ನಮ್ಮ ಅಭಿಪ್ರಾಯ.

ಎಂಜಿನಿನ ಕ್ರ್ಯಾಂಕ್ ದಂಡವು ತನ್ನ ಬೇರಿಂಗುಗಳಲ್ಲಿ ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತ ತಿರುಗುತ್ತದೆ. ಪಂಪು ಎಣ್ಣೆಯನ್ನು ಒತ್ತಡದಿಂದ ನೂಕದಿದ್ದರೆ ಆ ಪೊರೆ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ಕೆಲವೇ ನಿಮಿಷಗಳಲ್ಲಿ ಎಂಜಿನು ಹಾಳಾಗಬಹುದು. ಆದುದರಿಂದ ಮುಳ್ಳು ಕೆಳಗಿಳಿದಾಗ ಗಾಡಿಯನ್ನು ನಿಲ್ಲಿಸಿ, ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಮಟ್ಟವನ್ನು ಪರೀಕ್ಷಿಸುವುದೇ ಮೊದಲನೆಯ ಕರ್ತವ್ಯ.

ವಿಚಿತ್ರವೆಂದು ತೋರುವುದೆಲ್ಲ ದೋಷವಲ್ಲವೆಂಬುದನ್ನೂ ನೆನಪಿಡಬೇಕು. ಕೊಡಗಿನ ಚಳಿಯ ಮುಂಜಾನೆಯಲ್ಲಿ ಎಣ್ಣೆ ಮಂದವಾಗಿರುವುದರಿಂದ ಒತ್ತಡ ಹೆಚ್ಚಾಗಿರುತ್ತದೆ. ಎಂಜಿನು ಕಾದಂತೆ ಎಣ್ಣೆ ತೆಳುವಾಗಿ ಒತ್ತಡ ಇಳಿಯುತ್ತದೆ. ನಿಮಿಷಕ್ಕೆ ಪ್ರತಿ 1000 ಸುತ್ತಿಗೆ ಚದರ ಅಂಗುಲಕ್ಕೆ ಸುಮಾರು 10 ಪೌಂಡು ಒತ್ತಡವಿರಬೇಕೆಂಬುದು ಬಹುಕಾಲದ ಸ್ಥೂಲ ನಿಯಮ. ಆಯಾ ಎಂಜಿನಿನ ಕೈಪಿಡಿಯ ಮಾತೇ ಅಂತಿಮ. ಕಡಿದಾದ ಏರಿನಲ್ಲಿ ಮಾತ್ರ ಮುಳ್ಳು ಕುಸಿಯುವುದಾದರೆ, ಎಣ್ಣೆ ಕಡಿಮೆಯಾಗಿ ತೊಟ್ಟಿಯ ಒಂದು ಬದಿಗೆ ಸರಿದು ಪಂಪಿಗೆ ಗಾಳಿ ಸಿಕ್ಕಿರಬಹುದು. ಅಲ್ಲಿ ಮುಳ್ಳು ಹೇಳುತ್ತಿರುವುದು ಸತ್ಯವನ್ನೇ.

ಮಾಪಕದ ದೋಷಗಳಲ್ಲಿ ಮುಖ್ಯವಾದುದು ಜೋಡಿಯ ಹೊಂದಾಣಿಕೆ ಇಲ್ಲದಿರುವುದು. ವಿದ್ಯುತ್ ಮಾಪಕಕ್ಕೆ ಎಂಜಿನಿಗೆ ತಿರುಚಿ ಕೂರಿಸುವ ಸೆಂಡರೊಂದು ಇರುತ್ತದೆ. ಒತ್ತಡ ಬದಲಾದಂತೆ ಅದರ ವಿದ್ಯುತ್ ರೋಧವೂ ಬದಲಾಗುತ್ತದೆ. ಯೂರೋಪಿನ ಸಾಮಾನ್ಯ ಪದ್ಧತಿಯಲ್ಲಿ ಶೂನ್ಯ ಒತ್ತಡಕ್ಕೆ 10 ಓಮ್, ಪೂರ್ಣ ಒತ್ತಡಕ್ಕೆ 180 ಓಮ್ ಇರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಇದು ತಲೆಕೆಳಗು: ಶೂನ್ಯಕ್ಕೆ 240, ಪೂರ್ಣಕ್ಕೆ 33. ಮೊದಲ ಬಗೆಯ ಸೆಂಡರಿಗೆ ಎರಡನೆಯ ಬಗೆಯ ಮಾಪಕವನ್ನು ಕಟ್ಟಿದರೆ ನಿಂತ ಎಂಜಿನಿಗೆ ಪೂರ್ಣ ಒತ್ತಡವನ್ನೂ ಓಡುವ ಎಂಜಿನಿಗೆ ಅಲ್ಪ ಒತ್ತಡವನ್ನೂ ಮುಳ್ಳು ತೋರಿಸುತ್ತದೆ. ಇದರಲ್ಲಿ ಎರಡು ಭಾಗಗಳೂ ನಿರ್ದೋಷಿಗಳೇ. ಜೋಡಿಸಿದವರು ವಿಚಾರಿಸಲಿಲ್ಲ, ಅಷ್ಟೆ.

ಎರಡನೆಯದು ಅರ್ತ್ ದೋಷ. ಅನೇಕ ಸೆಂಡರುಗಳಲ್ಲಿ ವಿದ್ಯುತ್ತು ತನ್ನ ಮಂಡಲವನ್ನು ಪೂರ್ಣಗೊಳಿಸುವುದು ಸೆಂಡರಿನ ಮರೆಗಳ ಮೂಲಕ ಎಂಜಿನಿನ ಲೋಹಕ್ಕೆ. ಎಣ್ಣೆ ಜಿನುಗಬಾರದೆಂದು ಮರೆಗೆ ಟೆಫ್ಲಾನ್ ಪಟ್ಟಿಯನ್ನು ದಪ್ಪನಾಗಿ ಸುತ್ತಿದರೆ ಆ ದಾರಿಗೆ ಅಡ್ಡಿಯಾಗುತ್ತದೆ. ಮಳೆಗಾಲದ ತೇವದಿಂದ ತುಕ್ಕು ಹಿಡಿದ ತಂತಿಯ ತುದಿಯೂ ಹಾಗೆಯೇ. ಹೀಗೆ ಸೇರಿದ ಹೆಚ್ಚಿನ ರೋಧದಿಂದ ಅಮೆರಿಕದ ಪದ್ಧತಿಯ ಮಾಪಕ ಇರುವುದಕ್ಕಿಂತ ಕಡಿಮೆ ಒತ್ತಡವನ್ನು ತೋರಿಸಿದರೆ, ಯೂರೋಪಿನ ಪದ್ಧತಿಯದು ಇಲ್ಲದ ಒತ್ತಡವನ್ನು ತೋರಿಸುತ್ತದೆ. ಎರಡನೆಯದೇ ಹೆಚ್ಚು ಅಪಾಯಕರವೆಂದು ಬೇರೆ ಹೇಳಬೇಕಾಗಿಲ್ಲ. ಮುಂದೀಪಗಳನ್ನು ಹಾಕಿದೊಡನೆ ಮುಳ್ಳು ಕದಲಿದರೆ ಅರ್ತ್ ಮೇಲೆ ಸಂಶಯಪಡಬಹುದು.

ಪರೀಕ್ಷೆ ಕಷ್ಟವಲ್ಲ. ಎಂಜಿನನ್ನು ನಿಲ್ಲಿಸಿ, ಚಾವಿಯನ್ನು ಮಾತ್ರ ತಿರುಗಿಸಿ, ಸೆಂಡರಿನ ತಂತಿಯನ್ನು ಕಳಚಿ ನೋಡಬೇಕು. ಮುಳ್ಳು ಒಂದು ಕೊನೆಗೆ ಹೋಗತಕ್ಕದ್ದು. ಅದೇ ತಂತಿಯನ್ನು ಎಂಜಿನಿನ ಶುದ್ಧ ಲೋಹಕ್ಕೆ ಕ್ಷಣಕಾಲ ಮುಟ್ಟಿಸಿದರೆ ಇನ್ನೊಂದು ಕೊನೆಗೆ ಹೋಗತಕ್ಕದ್ದು. ಎರಡೂ ಸರಿಯಾಗಿ ನಡೆದರೆ ಮಾಪಕವೂ ತಂತಿಯೂ ಬಹುಮಟ್ಟಿಗೆ ನಿರ್ದೋಷಿಗಳು. ದೋಷ ಸೆಂಡರಿನಲ್ಲಿ, ಅದರ ಅರ್ತಿನಲ್ಲಿ, ಜೋಡಿಯಲ್ಲಿ ಅಥವಾ ಎಂಜಿನಿನಲ್ಲೇ ಇರಬೇಕು. ಕೊನೆಯ ತೀರ್ಪನ್ನು ಕೊಡತಕ್ಕದ್ದು ಯಾಂತ್ರಿಕ ಮಾಪಕ. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟು ಪಡೆದ ಬಾಗುಕೊಳವೆಯ ತತ್ತ್ವದಿಂದ ನಡೆಯುವ ಇದಕ್ಕೆ ವಿದ್ಯುತ್ತಿನ ಹಂಗಿಲ್ಲ. ಸೆಂಡರಿನ ಸ್ಥಾನದಲ್ಲಿ ಅದನ್ನು ಕೂರಿಸಿ, ಎಂಜಿನನ್ನು ಸ್ವಲ್ಪ ಹೊತ್ತು ನಡೆಸಿ ಓದಿದರೆ ಸಂಶಯ ಪರಿಹಾರವಾಗುತ್ತದೆ. ಮರೆಗಳ ವಿಷಯದಲ್ಲಿಯೂ ಎಚ್ಚರ ಬೇಕು: 1/8 ಅಂಗುಲದ ಅಮೆರಿಕನ್ ಮರೆಗೆ ಅಂಗುಲಕ್ಕೆ 27 ಸುತ್ತು, ಬ್ರಿಟಿಷ್ ಮರೆಗೆ 28. ಒಂದನ್ನು ಇನ್ನೊಂದರೊಳಗೆ ಬಲವಂತದಿಂದ ತಿರುಚಿದರೆ ಎರಡೂ ಕೆಡುತ್ತವೆ.

ಇನ್ನು ನಮ್ಮ ಸೂಚನೆಗಳು ಎರಡು. ಮಾಪಕ ಮಾರುವವರು ಸೆಂಡರಿನ ಓಮುಗಳನ್ನೂ ಮರೆಯ ಅಳತೆಯನ್ನೂ ಕನ್ನಡದಲ್ಲಿ ಅಚ್ಚುಹಾಕಿದ ಚೀಟಿಯೊಂದನ್ನು ಜೊತೆಗಿಡಲಿ. ಗ್ಯಾರೇಜಿನವರು ಹೊಸ ಸೆಂಡರಿಗೆ ಸ್ಥಳ ಮಾಡುವುದಕ್ಕಾಗಿ ಗಾಡಿಯೊಡನೆ ಬಂದ ಎಚ್ಚರಿಕೆಯ ಕೆಂಪು ದೀಪದ ಸ್ವಿಚ್ಚನ್ನು ಕಿತ್ತುಹಾಕದಿರಲಿ. ಕವಲು ಜೋಡಣೆಯೊಂದರಿಂದ ಎರಡನ್ನೂ ಉಳಿಸಿಕೊಳ್ಳಬಹುದು. ಒಂದು ಸಾಕ್ಷಿಯ ಮಾತಿನಲ್ಲಿ ಸಂದೇಹ ಬಂದಾಗ ಇನ್ನೊಂದು ಸಾಕ್ಷಿಯನ್ನು ಕೇಳುವುದು ನ್ಯಾಯಾಲಯದ ಕ್ರಮ. ಪ್ರಯೋಗಶಾಲೆಯ ಕ್ರಮವೂ ಅದೇ. ತೋಟದ ಜೀಪಿಗೂ ಅದು ಸಲ್ಲಬೇಕು.