ಠಾಣೆ ಖಾಡಿಯ ರಾಜಹಂಸಗಳೂ ನಮ್ಮ ಹೊಟೇಲುಗಳೂ

ಚಳಿಗಾಲ ಕಾಲಿಟ್ಟಿತೆಂದರೆ ಮುಂಬಯಿಯ ಪೂರ್ವ ದಂಡೆಯ ಠಾಣೆ ಖಾಡಿಗೆ ರಾಜಹಂಸಗಳು ಬಂದಿಳಿಯುತ್ತವೆ. ಫ್ಲೆಮಿಂಗೊ ಎಂದು ಪತ್ರಿಕೆಗಳಲ್ಲಿ ಓದುವ ನೀಳಗಾಲಿನ, ಗುಲಾಬಿ ಬಣ್ಣದ ಈ ಪಕ್ಷಿಗಳಲ್ಲಿ ಬಹಳಷ್ಟು ಗುಜರಾತಿನ ಕಡೆಯಿಂದ ಬರುವಂಥವು. ಹೊಟ್ಟೆಪಾಡಿಗಾಗಿ ದೂರದಿಂದ ಈ ನಗರಕ್ಕೆ ಬಂದವರು ನಾವು ಮಾತ್ರವೇ ಅಲ್ಲವೆಂಬುದನ್ನು ನಮ್ಮ ಬಂಧುಗಳು ಇವನ್ನು ಕಂಡು ತಿಳಿಯಬಹುದು.

ಈ ಖಾಡಿಯ ಸುಮಾರು 1,690 ಹೆಕ್ಟೇರ್ ಪ್ರದೇಶವನ್ನು ಮಹಾರಾಷ್ಟ್ರ ಸರಕಾರವು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಸಾರಿತು. 2022ರಲ್ಲಿ ಅದು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ, ಜಗತ್ತಿನ ಮಹತ್ವದ ಜೌಗು ನೆಲಗಳಲ್ಲಿ ಒಂದೆಂಬ ಮನ್ನಣೆಯನ್ನು ಪಡೆಯಿತು. ಇದು ಸಂತೋಷದ ಸಂಗತಿ. ಆದರೆ ಗಡಿ ಗುರುತಿಸಿ ಫಲಕ ನೆಟ್ಟ ಮಾತ್ರಕ್ಕೆ ಒಂದು ಅಭಯಾರಣ್ಯವು ಉಳಿಯಲಾರದು. ಇಲಾಖೆಯೊಡನೆ ಹೆಗಲು ಕೊಡುವ ಸಂಸ್ಥೆಗಳು ಬೇಕು.

ಅಂಥ ಸಂಸ್ಥೆಗಳು ಇಲ್ಲದಿಲ್ಲ. 1883ರಲ್ಲಿ ಸ್ಥಾಪನೆಗೊಂಡ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿದ್ವಾಂಸರು ಕೆಸರಿನಲ್ಲಿ ನಿಂತು ಹಕ್ಕಿಗಳನ್ನು ಎಣಿಸುತ್ತಾರೆ, ಅವುಗಳ ಸಂಚಾರದ ಜಾಡನ್ನು ಹಿಡಿಯುತ್ತಾರೆ. ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಎಂಬ ನಾಗರಿಕ ಸಂಸ್ಥೆಯು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಫಲವಾಗಿ, ಕಾಂಡ್ಲಾ ಕಾಡನ್ನು ಕಡಿಯಬಾರದೆಂದು 2005ರಲ್ಲಿ ಆಜ್ಞೆಯಾಯಿತು; 2018ರ ತೀರ್ಪು ಅದನ್ನು ಗಟ್ಟಿಗೊಳಿಸಿತು. 2012ರಲ್ಲಿ ಅರಣ್ಯ ಇಲಾಖೆಯು ಕಾಂಡ್ಲಾ ವನಗಳಿಗೆಂದೇ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಗೋದ್ರೇಜ್ ಸಂಸ್ಥೆಯು ವಿಕ್ರೋಲಿಯ ತನ್ನ ಜಮೀನಿನ ಕಾಂಡ್ಲಾ ವನವನ್ನು ದಶಕಗಳಿಂದ ಕಾಪಾಡಿಕೊಂಡು ಬಂದಿದೆ. ಒಬ್ಬರು ಎಣಿಸುವವರು, ಒಬ್ಬರು ವ್ಯಾಜ್ಯ ಹೂಡುವವರು, ಒಬ್ಬರು ಕಾವಲು ಕಾಯುವವರು; ಇವರಲ್ಲಿ ಒಬ್ಬರು ಹಿಂದೆ ಸರಿದರೂ ಉಳಿದವರ ಶ್ರಮ ಅರ್ಧ ವ್ಯರ್ಥ.

ಗಡಿಯೊಳಗಿನ ಕಾವಲಷ್ಟೇ ಸಾಲದೆಂಬುದಕ್ಕೆ ನವಿ ಮುಂಬಯಿಯ ನೆರೂಲಿನ ಕೆರೆಯೇ ಸಾಕ್ಷಿ. ಇಳಿತದ ವೇಳೆ ಖಾಡಿಯ ಕೆಸರು ಬಯಲಿನಲ್ಲಿ ಮೇಯುವ ಹಕ್ಕಿಗಳು ಉಬ್ಬರ ಬಂದಾಗ ಸುತ್ತಣ ಕೆರೆಗಳಿಗೆ ಹಾರಿ ವಿಶ್ರಮಿಸುತ್ತವೆ. 2024ರಲ್ಲಿ ಆ ಕೆರೆಯ ಪರಿಸರದಲ್ಲಿ ಹಲವು ರಾಜಹಂಸಗಳು ಸತ್ತವು. ಉಬ್ಬರದ ನೀರು ಒಳಬರುವ ದಾರಿ ಮುಚ್ಚಿಹೋಗಿದೆಯೆಂದು ಕೂಗೆಬ್ಬಿಸಿದವರು ನಾಗರಿಕ ಸಂಘಟನೆಗಳವರೇ. ಅಭಯಾರಣ್ಯದ ಗೆರೆ ನಕ್ಷೆಯಲ್ಲಿದೆ. ನೀರಿಗಾಗಲಿ ಹಕ್ಕಿಗಾಗಲಿ ಆ ಗೆರೆ ಕಾಣಿಸದು.

ಈಗ ನಮ್ಮ ಮಾತಿಗೆ ಬರೋಣ. ಸಂಪಾದಕರ ಕುರ್ಚಿಗೆ ಬರುವ ಮೊದಲು ನಾವು ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದವರು. ಪೂರ್ವ ಉಪನಗರದ ನಮ್ಮ ಹೊಟೇಲಿನಲ್ಲಿ ವಡೆ, ಬಜೆ ಕರಿದು ಕಪ್ಪಾದ ಎಣ್ಣೆಯನ್ನು ರಾತ್ರಿ ಬಾಗಿಲೆಳೆದ ಮೇಲೆ ಹುಡುಗರು ಹಿತ್ತಿಲಿನ ಮೋರಿಗೆ ಸುರಿಯುತ್ತಿದ್ದರು. ನಾವದನ್ನು ಕಂಡಿದ್ದೆವು, ಬೇಡವೆನ್ನಲಿಲ್ಲ. ಮೋರಿಯ ನೀರು ನಾಲೆಗೆ, ನಾಲೆಯ ನೀರು ಖಾಡಿಗೆ ಸೇರುವುದೆಂದು ಆಗ ನಾವು ಯೋಚಿಸಿದ್ದಿಲ್ಲ. ಕಾಂಡ್ಲಾ ಗಿಡವು ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳ ಮೂಲಕ ಉಸಿರಾಡುತ್ತದೆ. ಜಿಡ್ಡು ಮೆತ್ತಿಕೊಂಡರೆ ಆ ಉಸಿರು ಕಟ್ಟುತ್ತದೆ. ಹುಡುಗರ ತಪ್ಪು ಅದಲ್ಲ, ಮಾಲಕರಾದ ನಮ್ಮದು.

ನಗರದ ಕೊಳಚೆಯಿಂದ ಪಾಚಿ ಹುಲುಸಾಗಿ ಬೆಳೆದುದೇ ಈ ಹಕ್ಕಿಗಳು ಬರಲು ಒಂದು ಕಾರಣವೆಂದು ಪಕ್ಷಿತಜ್ಞರು ಹೇಳುವುದುಂಟು. ಹಾಗಾದರೆ ಅವುಗಳಿಗೆ ಉಣಬಡಿಸುತ್ತಿರುವವರು ನಾವೇ ಅಲ್ಲವೇ ಎಂದು ಹೊಟೇಲು ಮಿತ್ರರೊಬ್ಬರು ನಗೆಯಾಡಿದರು. ವಾದವೇನೋ ಚೆನ್ನಾಗಿದೆ. ಆದರೆ ಹಕ್ಕಿ ತಿನ್ನುವುದು ಪಾಚಿಯನ್ನು. ಎಣ್ಣೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ಅಲ್ಲ. ಅತಿಯಾದ ಕೊಳಚೆಯು ನೀರಿನ ಪ್ರಾಣವಾಯುವನ್ನೇ ಹೀರಿಬಿಟ್ಟರೆ ಮೀನು ಸಾಯುತ್ತದೆ, ಖಾಡಿಯನ್ನೇ ನಂಬಿದ ಕೋಳಿ ಬೆಸ್ತರ ಒಲೆ ಆರುತ್ತದೆ. ಅತಿಥಿಗೆ ಇಕ್ಕುವ ಎಲೆ ಶುಚಿಯಾಗಿರಬೇಕೆಂಬುದನ್ನು ನಮ್ಮ ಕಸುಬಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದಕಾರಣ ನಮ್ಮ ಹೊಟೇಲು ಮಾಲಕರ ಸಂಘಗಳೂ ಕನ್ನಡ ಸಂಘಗಳೂ ಈ ಕಾರ್ಯದಲ್ಲಿ ಪಾಲುದಾರರಾಗಬೇಕೆಂದು ನಾವು ಸೂಚಿಸುತ್ತೇವೆ. ಹಣದ ರಾಶಿಯೇನೂ ಬೇಡ. ಅಡಿಗೆ ಮನೆಯ ನೀರು ಹೊರಹೋಗುವಲ್ಲಿ ಜಿಡ್ಡು ತಡೆಯುವ ತೊಟ್ಟಿಯನ್ನು ಕಟ್ಟಿಸಿ, ವಾರವಾರ ತೊಳೆಸಲಿ. ಕರಿದು ಉಳಿದ ಎಣ್ಣೆಯಿಂದ ಜೈವಿಕ ಡೀಸೆಲ್ ತಯಾರಿಸುವ ಯೋಜನೆಯನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲೇ ಆರಂಭಿಸಿದೆ. ಅದನ್ನು ಹಣ ತೆತ್ತು ಒಯ್ಯುವ ಅಧಿಕೃತ ಸಂಗ್ರಾಹಕರೂ ಇದ್ದಾರೆ. ಮೋರಿಗೆ ಚೆಲ್ಲುವ ಬದಲು ಅವರಿಗೆ ಮಾರಿದರೆ ಲಾಭವೇ ಹೊರತು ನಷ್ಟವಿಲ್ಲ. ಸಂಘಗಳು ವರ್ಷಕ್ಕೊಮ್ಮೆ ನಮ್ಮ ಮಕ್ಕಳನ್ನು ಖಾಡಿಯ ದಂಡೆಗೆ ಕರೆದೊಯ್ದು ಹಕ್ಕಿಗಳನ್ನು ತೋರಿಸಲಿ.

ಪರನಾಡಿನ ಹಕ್ಕಿಗಾಗಿ ನಾವೇಕೆ ತಲೆ ಕೆಡಿಸಿಕೊಳ್ಳಬೇಕೆಂದು ಕೇಳುವವರಿಗೆ ಒಂದು ಮಾತು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಡಾ. ಸಲೀಂ ಅಲಿಯವರ ಪ್ರೇರಣೆಯಿಂದ. ಅವರು ಮುಂಬಯಿಯಲ್ಲಿ ಹುಟ್ಟಿದವರು, ಮೇಲೆ ಹೇಳಿದ ಸೊಸೈಟಿಯಲ್ಲೇ ಬಾಳನ್ನು ಸವೆಸಿದವರು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ರೈತರು ತಮ್ಮ ಮನೆಯಂಗಳದ ಹುಣಿಸೆ ಮರಗಳನ್ನೇ ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಮುಂಬಯಿಯ ಮಗನೊಬ್ಬ ನಮ್ಮ ನಾಡಿನ ಹಕ್ಕಿಗಳಿಗಾಗಿ ಮಾತಾಡಿದ. ಮುಂಬಯಿಯ ಅನ್ನ ಉಂಡ ನಾವು ಇಲ್ಲಿಯ ಹಕ್ಕಿಗಳಿಗಾಗಿ ಒಂದು ತೊಟ್ಟಿಯನ್ನಾದರೂ ಕಟ್ಟಿಸಬಾರದೇ? ಮುಂದಿನ ಚಳಿಗಾಲದೊಳಗೆ ನಮ್ಮ ಸಂಘಗಳು ಇದನ್ನು ತಮ್ಮ ಸಭೆಯ ಮುಂದಿಡುವುವೆಂದು ಆಶಿಸುತ್ತೇವೆ.