ದ್ವೀಪದಲ್ಲಿ ಅಡಗಿದ ಪುಟ್ಟ ರಾಣಿ

ಮಕ್ಕಳೇ, ನಾಲ್ಕು ವರ್ಷದ ಹುಡುಗಿಯನ್ನು ಶತ್ರುಸೈನ್ಯದ ಕಣ್ಣಿಗೆ ಬೀಳದಂತೆ ಎಲ್ಲಿ ಬಚ್ಚಿಡುತ್ತೀರಿ? ಸ್ಕಾಟ್ಲೆಂಡಿನವರು ಸರೋವರದ ನಡುವಿನ ಒಂದು ಮಠದಲ್ಲಿ ಬಚ್ಚಿಟ್ಟರು.

ಆ ಪುಟ್ಟ ದ್ವೀಪದ ಹೆಸರು ಇಂಚ್‌ಮಹೋಮ್. 1238ರಲ್ಲಿ ಮೆಂಟೀತ್ ಸೀಮೆಯ ಒಡೆಯ ವಾಲ್ಟರ್ ಕಮಿನ್ ಅಲ್ಲಿ ಕ್ರೈಸ್ತ ಸನ್ಯಾಸಿಗಳಿಗೆ ಮಠ ಕಟ್ಟಿಸಿದ. ಸುತ್ತಲೂ ನೀರು, ದೋಣಿಯಿಲ್ಲದೆ ಯಾರೂ ಹತ್ತಿರ ಸುಳಿಯುವಂತಿಲ್ಲ.

ಹುಡುಗಿ ಮೇರಿ. ಹುಟ್ಟಿದ ಆರೇ ದಿನಕ್ಕೆ ತಂದೆ ತೀರಿಕೊಂಡು, ತೊಟ್ಟಿಲಲ್ಲೇ ರಾಣಿಯಾದವಳು. ಅವಳನ್ನು ತಮ್ಮ ಎಡ್ವರ್ಡನಿಗೆ ತಂದುಕೊಳ್ಳಬೇಕೆಂದು ಇಂಗ್ಲೆಂಡಿನವರ ಹಟ. ಅವನಿಗೂ ಒಂಬತ್ತೇ ವರ್ಷ! ಸ್ಕಾಟ್ಲೆಂಡಿನವರು ಒಪ್ಪದಿದ್ದಾಗ ದಂಡೆತ್ತಿ ಬಂದರು. ಹೆಣ್ಣು ಕೇಳುವ ರೀತಿಯೇ ಇದು?

1547ರ ಸೆಪ್ಟೆಂಬರಿನಲ್ಲಿ ಪಿಂಕಿ ಎಂಬಲ್ಲಿ ಸ್ಕಾಟ್ ಸೈನ್ಯ ಸೋತಿತು. ಆಗಲೇ ಮೇರಿಯನ್ನು ದ್ವೀಪಕ್ಕೆ ದಾಟಿಸಿದ್ದು. ಅವಳು ಅಲ್ಲಿದ್ದದ್ದು ಸುಮಾರು ಮೂರು ವಾರ. ಅಲ್ಲೊಂದು ತೋಟವನ್ನು ಅವಳೇ ಬೆಳೆಸಿದಳೆಂದು ಜನ ಹೇಳುತ್ತಾರೆ. ಮೂರು ವಾರದಲ್ಲಿ ಮೆಂತ್ಯದ ಸೊಪ್ಪು ಬಂದೀತು, ತೋಟ ಬಂದೀತೇ? ಅಜ್ಜಿಯನ್ನೇ ಕೇಳಿ ನೋಡಿ.

ಮರುವರ್ಷ ಅವಳನ್ನು ಹಡಗು ಹತ್ತಿಸಿ ಫ್ರಾನ್ಸಿಗೆ ಕಳಿಸಿದರು. ಅಮ್ಮ ಸ್ಕಾಟ್ಲೆಂಡಿನಲ್ಲೇ ಉಳಿದಳು. ಮೇರಿ ಊರಿಗೆ ಮರಳಿದ್ದು 1561ರಲ್ಲಿ. ಅಷ್ಟರಲ್ಲಿ ಅಮ್ಮ ತೀರಿಕೊಂಡು ವರ್ಷ ದಾಟಿತ್ತು.

ಮಠದ ಸೂರು ಬಹುಪಾಲು ಬಿದ್ದುಹೋಗಿದೆ, ಗೋಡೆಗಳಿವೆ. ನೋಡಬೇಕೆಂದರೆ ಈಗಲೂ ದೋಣಿಯನ್ನೇ ಹತ್ತಬೇಕು.