ಪರಿಹಾರವು ಸದಕಾ ಅಲ್ಲ, ಹಕ್ಕು

ಮರದ ಮಿಲ್ಲಿನ ಗರಗಸಕ್ಕೆ ಸಿಲುಕಿ ಯುವಕನೊಬ್ಬ ಹೆಬ್ಬೆರಳು ಕಳೆದುಕೊಳ್ಳುತ್ತಾನೆ. ಮಾಲೀಕರು ಆಸ್ಪತ್ರೆಯ ಬಿಲ್ಲು ಕಟ್ಟುತ್ತಾರೆ, ರಮಝಾನಿನಲ್ಲಿ ಝಕಾತ್‌ನಿಂದ ಇನ್ನಷ್ಟು ಕೊಡುವ ಭರವಸೆ ನೀಡುತ್ತಾರೆ. ಜಮಾಅತ್‌ನ ಹಿರಿಯರು ನಡುವೆ ನಿಂತು ಮೂವತ್ತೋ ನಲವತ್ತೋ ಸಾವಿರಕ್ಕೆ ಗೊತ್ತುಮಾಡುತ್ತಾರೆ. ಛಾಪಾ ಕಾಗದಕ್ಕೆ ಸಹಿ ಬೀಳುತ್ತದೆ. ಅಲ್ಲಾಹನ ವಿಧಿ, ಸಬ್ರ್ ಮಾಡು ಎಂಬ ಸಾಂತ್ವನದೊಂದಿಗೆ ಆತ ಮನೆಗೆ ಮರಳುತ್ತಾನೆ. ಇಂಥ ಪಂಚಾಯಿತಿಗಳು ನಮಗೆ ಹೊಸತಲ್ಲ. ಅಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಕೆಟ್ಟ ಉದ್ದೇಶವೂ ಇರುವುದಿಲ್ಲ. ಆದರೆ ಆ ಬೆರಳಿಗೆ ಕಾನೂನು ಎಷ್ಟು ಬೆಲೆ ಕಟ್ಟಿದೆ ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ.

1923ರ ನೌಕರರ ಪರಿಹಾರ ಕಾಯ್ದೆ ಆ ಲೆಕ್ಕವನ್ನು ಸ್ಪಷ್ಟವಾಗಿಯೇ ಹಾಕಿಕೊಟ್ಟಿದೆ. ಈಗ ಅದನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಲಾಗಿದೆ. ಕಾಯ್ದೆಯ ಅನುಸೂಚಿಯ ಪ್ರಕಾರ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 30ರಷ್ಟು ನಷ್ಟ. ಯುವಕನ ವಯಸ್ಸು 30, ತಿಂಗಳ ವೇತನ 15,000 ರೂಪಾಯಿ ಎಂದುಕೊಳ್ಳೋಣ. ವೇತನದ ಶೇಕಡಾ 60 ಅಂದರೆ 9,000. ಅದನ್ನು ಆ ವಯಸ್ಸಿಗೆ ನಿಗದಿಯಾದ 207.98ರಿಂದ ಗುಣಿಸಿ, ಬಂದ ಮೊತ್ತದಲ್ಲಿ ಶೇಕಡಾ 30 ತೆಗೆದರೆ 5,61,546 ರೂಪಾಯಿ. ಮೂವತ್ತು ಸಾವಿರವೆಲ್ಲಿ, ಇದೆಲ್ಲಿ!

ದಿನಗೂಲಿ ಎಂಬ ಕಾರಣಕ್ಕೆ ಈ ಹಕ್ಕು ತಪ್ಪುವುದಿಲ್ಲ. ಗುತ್ತಿಗೆದಾರನ ಮೂಲಕ ಬಂದವನಾದರೂ ಕೆಲಸ ಮಾಡಿಸಿಕೊಂಡ ಮಾಲೀಕನ ಹೊಣೆ ಹಾಗೆಯೇ ಉಳಿಯುತ್ತದೆ. 'ನಿನ್ನ ಅಜಾಗರೂಕತೆಯಿಂದಲೇ ಆಯಿತು' ಎಂಬ ಮಾತಿಗೂ ಇಲ್ಲಿ ಬೆಲೆಯಿಲ್ಲ. ಕುಡಿದ ಅಮಲಿನಲ್ಲಿದ್ದರೆ, ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದಿದ್ದರೆ ಮಾತ್ರ ಮಾಲೀಕರು ನುಣುಚಿಕೊಳ್ಳಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಸಂಭವಿಸಿದಾಗ ಆ ನೆಪವೂ ನಡೆಯದು. ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಛಾಪಾ ಕಾಗದವಂತೂ ಕಾನೂನಿನ ಕಣ್ಣಿಗೆ ಅನೂರ್ಜಿತ. ಸಹಿ ಹಾಕಿಬಿಟ್ಟೆವಲ್ಲ ಎಂದು ಕೊರಗುವ ಕುಟುಂಬಗಳು ಇದನ್ನು ಅರಿಯಬೇಕು.

ವೇತನದಿಂದ ಇಎಸ್‌ಐ ಕಡಿತವಾಗುತ್ತಿದ್ದರೆ ದಾರಿ ಬೇರೆ. ಆಗ ಪರಿಹಾರವನ್ನು ಮಾಲೀಕರಲ್ಲ, ಇಎಸ್‌ಐ ನಿಗಮವೇ ನೀಡುತ್ತದೆ: ಗುಣವಾಗುವವರೆಗೆ ವೇತನದ ಸುಮಾರು ಶೇಕಡಾ 90, ಶಾಶ್ವತ ಊನವಾದರೆ ಮಾಸಿಕ ಪಿಂಚಣಿ.

ಇನ್ನು ಝಕಾತ್‌ನ ಮಾತು. ಕೊಡಬೇಕಾದ ಸಾಲವನ್ನು ಝಕಾತ್‌ನ ಹಣದಿಂದ ತೀರಿಸಿ, ಸಾಲವೂ ತೀರಿತು ಝಕಾತ್ ಕೂಡ ಸಂದಿತು ಎಂದು ಯಾವ ಆಲಿಮರೂ ಹೇಳಲಾರರು. ಗಾಯಾಳುವಿನ ಪರಿಹಾರ ಮಾಲೀಕನ ಮೇಲಿರುವ ಸಾಲ, ಹುಕೂಕುಲ್ ಇಬಾದ್‌ಗೆ ಸೇರಿದ್ದು. ಅದನ್ನು ಝಕಾತ್ ಎಂದು ಕೊಟ್ಟಾಗ ಪಡೆದವನು ಜೀವಮಾನವಿಡೀ ಋಣಿಯಾಗುತ್ತಾನೆ, ಕೊಟ್ಟವನು ದಾನಿಯೆನಿಸಿಕೊಳ್ಳುತ್ತಾನೆ. ನಮ್ಮನ್ನು ಹೆಚ್ಚು ನೋಯಿಸುವುದು ಈ ಅದಲುಬದಲು. ಸಬ್ರ್ ಎಂಬುದು ಬಂದ ಸಂಕಟವನ್ನು ತಾಳಿಕೊಳ್ಳುವುದೇ ಹೊರತು ಸಲ್ಲಬೇಕಾದುದನ್ನು ಕೇಳದಿರುವುದಲ್ಲ. ಮಾಲೀಕರು ನಮ್ಮವರೇ, ಬಂಧುಗಳೇ ಆಗಿರಬಹುದು. ಆಗ ಕೇಳಲು ಸಂಕೋಚ ಹೆಚ್ಚು, ನಿಜ. ಆದರೆ ಅವರ ಹೊಣೆಯೂ ಅಷ್ಟೇ ಹೆಚ್ಚು.

ದುಡಿಯುವವನೇ ತೀರಿಹೋದ ಮನೆಯಲ್ಲಿ ಈ ಸಂಕೋಚ ಇನ್ನೂ ಕ್ರೂರವಾಗುತ್ತದೆ. ಇದ್ದತ್‌ನಲ್ಲಿರುವ ವಿಧವೆಯ ಬಳಿ ಲಕೋಟೆಯೊಂದನ್ನು ಇಟ್ಟು, ಮಾತು ಮುಗಿಯಿತೆಂದುಕೊಳ್ಳುತ್ತಾರೆ. 1923ರ ಕಾಯ್ದೆ ಇದನ್ನು ಮೊದಲೇ ಊಹಿಸಿದಂತಿದೆ: ಸಾವಿನ ಪರಿಹಾರವನ್ನು ಪರಿಹಾರ ಆಯುಕ್ತರ ಬಳಿಯೇ ಠೇವಣಿ ಇಡಬೇಕು, ನೇರವಾಗಿ ಕೈಗೆ ಕೊಟ್ಟದ್ದು ಪರಿಹಾರವೆನಿಸದು. ಅವಲಂಬಿತರಿಗೆ ಹಂಚುವವರು ಆ ಅಧಿಕಾರಿಯೇ.

ಹಾಗಾಗಿ ಆಸ್ಪತ್ರೆಯ ಕಾಗದಗಳನ್ನು, ಕೂಲಿ ಬಂದ ಬ್ಯಾಂಕಿನ ಅಥವಾ ಫೋನ್‌ಪೇ ದಾಖಲೆಗಳನ್ನು, ಜೊತೆಗೆ ದುಡಿದವರ ಹೆಸರುಗಳನ್ನು ಮೊದಲ ವಾರವೇ ಜೋಪಾನ ಮಾಡಿಡಬೇಕು. ಅಪಘಾತವನ್ನು ಮಾಲೀಕರಿಗೆ ಬರಹದಲ್ಲಿ ತಿಳಿಸಬೇಕು. ಅರ್ಜಿಯನ್ನು ಎರಡು ವರ್ಷ ಕಳೆಯುವ ಮುನ್ನವೇ ಸಲ್ಲಿಸುವುದು ಕ್ಷೇಮ. ವಕೀಲರ ಖರ್ಚಿಗೆ ಅಂಜುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತೆರೆದಿದೆ. ಕೈಗಾರಿಕಾ ಕಾರ್ಮಿಕರಿಗೂ ಮಹಿಳೆಯರಿಗೂ ಅಲ್ಲಿ ನೆರವು ಉಚಿತ. ಜಮಾಅತ್‌ನ ಹಿರಿಯರು ಮುಂದಿನ ಸಲ ಮೊತ್ತ ಹೇಳುವ ಮೊದಲು ಗಾಯಾಳುವನ್ನು ಅಲ್ಲಿಯವರೆಗೆ ಕರೆದೊಯ್ಯಲಿ.